ಶ್ರವಣಬೆಳಗೊಳದ ಯಾತ್ರೆಯೂ ಆ ಸೀಮೆಯ ಆರ್ಥಿಕ ಜೀವನವೂ

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಸಿದ್ಧಾಂತ ವಿಷಯವನ್ನು ಬರೆಯಲು ಪಂಡಿತರಿದ್ದಾರೆ, ಶಿಲ್ಪಕಲೆಯನ್ನು ಕುರಿತು ಬರೆಯಲು ವಿದ್ವಾಂಸರಿದ್ದಾರೆ, ಮೆಟ್ರಿಕ್ಯುಲೇಷನ್‌ವರೆಗೆ ಮಾತ್ರ ಓದಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕಳೆದ ನನ್ನಂಥವನಿಗೆ ತಿಳಿದಿರುವುದು ಜಮಾ-ಖರ್ಚಿನ ವಿಷಯ ಮಾತ್ರವೆಂದು ವಿನಂತಿಸಿಕೊಂಡೆನು. ಹಾಗಿದ್ದರೆ ಅದನ್ನೇ ಬರೆಯಿರಿ ಎಂದರು. ಆದುದರಿಂದ ಧರ್ಮಕಾರ್ಯದ ಸಂಚಿಕೆಯಲ್ಲಿ ಹಣದ ಮಾತನ್ನೆತ್ತಿದ್ದಕ್ಕೆ ವಾಚಕ ಮಹಾಶಯರು ಅನ್ಯಥಾ ಭಾವಿಸಬಾರದಾಗಿ ಪ್ರಾರ್ಥನೆ. ನಮ್ಮ ಪೂರ್ವಿಕರು ಹಣದ ಮಾತನ್ನು ಬಸದಿಯ ಬಾಗಿಲಲ್ಲೇ ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದರು. ಅವರಿಗಿಲ್ಲದ ಸಂಕೋಚ ನಮಗೇಕೆ?

ಈಗ ಎಲ್ಲೆಡೆ ಪ್ರವಾಸೋದ್ಯಮವೆಂಬ ಶಬ್ದ ಕೇಳಿಬರುತ್ತಿದೆ. ಇಂಥ ಊರಿಗೆ ಇಷ್ಟು ಲಕ್ಷ ಜನ ಬಂದರು, ಆದುದರಿಂದ ಆ ಊರು ಉದ್ಧಾರವಾಯಿತು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ವ್ಯಾಪಾರಿಯಾದವನು ಅಂಗಡಿಯ ಮುಂದೆ ಹಾದುಹೋದವರನ್ನು ಎಣಿಸುವುದಿಲ್ಲ. ಒಳಗೆ ಬಂದವರೆಷ್ಟು, ಕೊಂಡವರೆಷ್ಟು, ಮರಳಿ ಬಂದವರೆಷ್ಟು ಎಂಬುದನ್ನು ಸಂಜೆ ದಿನವಹಿಯಲ್ಲಿ ನೋಡುತ್ತಾನೆ. ಯಾತ್ರಾಸ್ಥಳದ ಲೆಕ್ಕವನ್ನೂ ಹಾಗೆಯೇ ನೋಡಬೇಕು. ಹಾಗೆ ನೋಡಲು ಕರ್ನಾಟಕದಲ್ಲಿ ಶ್ರವಣಬೆಳಗೊಳದಷ್ಟು ಅನುಕೂಲವಾದ ಊರು ಮತ್ತೊಂದಿಲ್ಲ. ಏಕೆಂದರೆ ಅಲ್ಲಿನ ದಿನವಹಿ ಬಂಡೆಯ ಮೇಲಿದೆ. 1973ರಲ್ಲಿ ಪರಿಷ್ಕೃತವಾಗಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟದಲ್ಲಿ ಬೆಳಗೊಳ ಮತ್ತು ಅದರ ಸುತ್ತಿನ 573 ಶಾಸನಗಳಿವೆ. ಸುಮಾರು 600ರಿಂದ ಮೊದಲುಗೊಂಡು 19ನೆಯ ಶತಮಾನದವರೆಗೂ ಅವು ಹಬ್ಬಿವೆ.

ಬೆಳಗೊಳವು ನದೀತೀರದ ಊರಲ್ಲ, ಬಂದರಲ್ಲ, ಯಾವ ಅರಸುಮನೆತನದ ರಾಜಧಾನಿಯೂ ಆಗಿರಲಿಲ್ಲ. ಎರಡು ಬೋಳು ಬಂಡೆಯ ಬೆಟ್ಟಗಳು, ಅವುಗಳ ನಡುವೆ ಊರಿಗೆ ಹೆಸರು ಕೊಟ್ಟ ಒಂದು ಬಿಳಿಯ ಕೊಳ, ಇಷ್ಟೇ ಅದರ ಮೂಲಧನ. ಚಿಕ್ಕಬೆಟ್ಟದ ಮೇಲೆ ಮುನಿಗಳು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಕಾಲದಲ್ಲಿಯೇ ಅದು ತೀರ್ಥವಾಗಿತ್ತು. ಗಂಗ ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನು ಸುಮಾರು 981ರಲ್ಲಿ ದೊಡ್ಡಬೆಟ್ಟದ ನೆತ್ತಿಯಲ್ಲಿ ಐವತ್ತೆಂಟು ಅಡಿಯ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಮೇಲೆ ಭರತಖಂಡದ ನಾನಾ ದಿಕ್ಕುಗಳಿಂದ ಭವ್ಯರು ಬರತೊಡಗಿದರು. ಮೂರ್ತಿಯ ಪಾದದ ಬಳಿಯಲ್ಲಿ ಚಾವುಂಡರಾಯನು ಇದನ್ನು ಮಾಡಿಸಿದನೆಂಬ ಮಾತು ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಮರಾಠಿಯಲ್ಲಿಯೂ ಇದೆ. ಸುತ್ತಾಲಯವನ್ನು ಕಟ್ಟಿಸಿದ ಗಂಗರಾಜನ ಹೆಸರೂ ಕನ್ನಡ ಮತ್ತು ಮರಾಠಿಗಳಲ್ಲಿದೆ. ಕನ್ನಡ ನಾಡಿನ ನಡುವೆ ಮರಾಠಿಯಲ್ಲಿ ಏಕೆ ಕೆತ್ತಿಸಬೇಕಾಗಿತ್ತು? ಓದುವವರು ಆ ಭಾಗದಿಂದ ಬರುತ್ತಿದ್ದರು ಎಂಬುದೇ ನನಗೆ ತೋರುವ ಕಾರಣ. ಗಿರಾಕಿಯ ಭಾಷೆಯಲ್ಲಿ ಫಲಕ ಹಾಕುವುದು ನಮ್ಮ ಪೇಟೆಯವರು ಇತ್ತೀಚೆಗೆ ಕಂಡುಹಿಡಿದ ಉಪಾಯವೇನೂ ಅಲ್ಲ.

ಮುಂದಿನ ಶತಮಾನಗಳಲ್ಲಿ ಉತ್ತರದೇಶದ ಯಾತ್ರಿಕರು ದೊಡ್ಡಬೆಟ್ಟದ ಮೇಲೆ ತಮ್ಮ ಹೆಸರುಗಳನ್ನು ನಾಗರೀ ಲಿಪಿಯಲ್ಲಿ, ಕೆಲವರು ಲೇವಾದೇವಿಯವರ ಮಹಾಜನೀ ಲಿಪಿಯಲ್ಲಿಯೂ ಕೆತ್ತಿಸಿ ಹೋಗಿದ್ದಾರೆ. ಖಾತೆ ಬರೆಯುವ ಅಕ್ಷರದಲ್ಲಿಯೇ ಭಕ್ತಿಯನ್ನೂ ಬರೆದ ಆ ವ್ಯಾಪಾರಿಗಳನ್ನು ನೆನೆದರೆ ನನಗೆ ಸ್ವಜನರನ್ನು ಕಂಡಷ್ಟು ಸಂತೋಷವಾಗುತ್ತದೆ. ರೈಲಿಲ್ಲದ ಆ ಕಾಲದಲ್ಲಿ ಮಾರವಾಡದಿಂದ ಬೆಳಗೊಳಕ್ಕೆ ಬರುವುದೆಂದರೆ ತಿಂಗಳುಗಳ ಮಾತು. ಬಂದವನು ಬಂದ ದಿನವೇ ಹಿಂತಿರುಗುತ್ತಿರಲಿಲ್ಲ. ಎತ್ತುಗಳಿಗೆ ಮೇವು ಬೇಕು, ಗಾಡಿಯ ಅಚ್ಚು ಸರಿಪಡಿಸಲು ಬಡಗಿ ಬೇಕು, ಸಂಘದ ಅಡುಗೆಗೆ ಬೇಳೆ, ತುಪ್ಪ, ಸೌದೆ ಬೇಕು, ಜ್ವರ ಬಂದವರಿಗೆ ವೈದ್ಯರು ಬೇಕು. ಹೆಸರು ಕೆತ್ತಿಸಲು ಕಲ್ಲುಕುಟಿಗನೂ ಬೇಕು. ಎಲ್ಲಕ್ಕೂ ಅವನು ಕೊಟ್ಟದ್ದು ಹೊರಗಿನ ಹಣ. ಒಂದೂರಿನವರು ತಮ್ಮತಮ್ಮೊಳಗೆ ಕೊಂಡು ಕೊಡುವ ಹಣವು ಅದೇ ಕೊಳದ ನೀರು ಸುತ್ತಿದಂತೆ. ಹೊರಗಿನಿಂದ ಬಂದದ್ದು ಮಳೆಯ ನೀರು. ಪ್ರವಾಸದಿಂದ ಸೀಮೆಗಾಗುವ ಲಾಭದ ಮೂಲವೇ ಇದು. ಆದರೆ ಮಳೆ ಸುರಿದ ಮಾತ್ರಕ್ಕೆ ಕೆರೆ ತುಂಬುವುದಿಲ್ಲ, ಏರಿ ಭದ್ರವಾಗಿರಬೇಕು. ಆ ಏರಿಯನ್ನು ಹಿರಿಯರು ಹೇಗೆ ಕಟ್ಟಿದರೆಂಬುದೇ ಶಾಸನಗಳಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ಕಂಡ ಭಾಗ.

ಮೊದಲನೆಯದು ಭೂಮಿ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಭಂಡಾರಿ ಬಸದಿಯೆಂದು ಇಂದಿಗೂ ಪ್ರಸಿದ್ಧವಾಗಿರುವ ಅದಕ್ಕೆ ನರಸಿಂಹನು ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಯಾತ್ರಿಕರು ಬರಲಿ ಬಾರದಿರಲಿ, ಗ್ರಾಮದ ಹುಟ್ಟುವಳಿಯಿಂದ ಪೂಜೆಯೂ ಜೀರ್ಣೋದ್ಧಾರವೂ ಆಹಾರದಾನವೂ ನಡೆಯಬೇಕೆಂಬುದು ಇಂಥ ದತ್ತಿಗಳ ಉದ್ದೇಶ. ಕೆಲವರ್ಷಗಳ ನಂತರ, ಪಟ್ಟಣಸ್ವಾಮಿಯಾಗಿದ್ದ ನಾಗದೇವನು ಕಟ್ಟಿಸಿದ ನಗರ ಜಿನಾಲಯದ ರಕ್ಷಣೆಯ ಹೊಣೆಯನ್ನು ಬೆಳಗೊಳದ ವರ್ತಕ ಸಮುದಾಯವೇ ಹೊತ್ತಿತ್ತು.

ಎರಡನೆಯದು ಇಡುಗಂಟು. ಇದು 13ನೆಯ ಶತಮಾನದ ಸಣ್ಣ ಸಣ್ಣ ಶಾಸನಗಳಲ್ಲಿ ಕಾಣುತ್ತದೆ. ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಒಬ್ಬ ಶ್ರಾವಕನು ಕೆಲವು ಗದ್ಯಾಣಗಳನ್ನು ಇಡುತ್ತಾನೆ. ಅಸಲು ಹಾಗೆಯೇ ಇರಬೇಕು. ಅದರ ಬಡ್ಡಿಯಿಂದ ದಿನಕ್ಕೆ ಇಂತಿಷ್ಟು ಬಳ್ಳ ಹಾಲು ಸಲ್ಲಬೇಕು. ಹೂವಿಗೂ ಹೀಗೆಯೇ. ರಾಜಮಹಾರಾಜರ ದೊಡ್ಡ ಶಾಸನಗಳ ಮುಂದೆ ಈ ನಾಲ್ಕು ಸಾಲಿನ ಬರಹಗಳನ್ನು ವಿದ್ವಾಂಸರು ಬೇಗನೆ ದಾಟಿಹೋಗುತ್ತಾರೆ. ನನಗಾದರೋ ಇವು ಬಂಗಾರದ ಸಾಲುಗಳು. ದಾನಿಯು ಪರವೂರಿಗೆ ಹೋದರೂ, ಕಾಲವಶನಾದರೂ, ಬೆಳಗೊಳದ ಒಂದು ಹಸುವಿನ ಹಾಲಿಗೆ ಮರುದಿನವೂ ಗಿರಾಕಿಯಿದ್ದಾನೆ. ಹಸು ಕಟ್ಟಿದವನಿಗೆ ಧೈರ್ಯ. ಯಾತ್ರಿಕನ ಒಂದು ದಿನದ ಭಕ್ತಿಯನ್ನು ಊರಿನ ನಿತ್ಯದ ಸಂಪಾದನೆಯಾಗಿ ಮಾರ್ಪಡಿಸಿದ ಈ ಉಪಾಯಕ್ಕಿಂತ ಜಾಣತನದ ಪ್ರವಾಸೋದ್ಯಮ ನೀತಿಯನ್ನು ನಾನಂತೂ ಕಂಡಿಲ್ಲ.

ಮೂರನೆಯದು 1368ರ ವಿಜಯನಗರದ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ಉಭಯರ ಕೈಗಳನ್ನು ಕೂಡಿಸಿ ಬಗೆಹರಿಸಿದ ವೃತ್ತಾಂತ ಸುಪ್ರಸಿದ್ಧವಾಗಿದೆ; ಮತಸಾಮರಸ್ಯದ ಭಾಷಣಗಳಲ್ಲಿ ಅದನ್ನು ಉದಾಹರಿಸದವರಿಲ್ಲ. ಆದರೆ ಅದರ ಉತ್ತರಾರ್ಧವನ್ನು ಬಹುಜನರು ಗಮನಿಸಿದಂತಿಲ್ಲ. ರಾಜ್ಯದೊಳಗಣ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ಹೊನ್ನಿನಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಧೆಯನ್ನು ಬಳಿಸಬೇಕು. ಈ ಹಣವನ್ನೆತ್ತಿ ಕಾರ್ಯವನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು, ಎಂದರೆ ಶ್ರೀವೈಷ್ಣವರ ಮುಖಂಡರದು!

ಇದನ್ನು ಸಾವಧಾನವಾಗಿ ಯೋಚಿಸಬೇಕು. ಕೊಡುವವರು ಬೆಳಗೊಳಕ್ಕೆ ಬಂದವರು ಮಾತ್ರವೇ ಅಲ್ಲ. ರಾಜ್ಯದ ಯಾವ ಮೂಲೆಯಲ್ಲಿದ್ದರೂ, ಒಂದು ಸಲವೂ ಬೆಟ್ಟ ಹತ್ತದಿದ್ದರೂ ಮನೆಗೊಂದು ಹಣ. ದೊಡ್ಡ ಸಾಹುಕಾರನಿಗೂ ಒಂದೇ, ಬಡ ಒಕ್ಕಲಿಗೂ ಒಂದೇ ಆಗಿದ್ದದ್ದು ನ್ಯಾಯವೇ ಎಂದು ಕೇಳಬಹುದು. ಆ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಪ್ರಸಿದ್ಧವಾದ ಒಂದು ಕ್ಷೇತ್ರದ ಹೆಸರಿನಲ್ಲಿ ಎತ್ತಿದ ಹಣದಲ್ಲಿ ಮಿಕ್ಕದ್ದು ಯಾರೂ ನೋಡದ ಜೀರ್ಣ ಬಸದಿಗಳಿಗೆ ಹೋಗಬೇಕೆಂಬ ಏರ್ಪಾಡು ಗಮನಾರ್ಹವಾದುದು. ಬೆಳಗೊಳದಲ್ಲಿ ಕೂಡಿದ ಸಂಪತ್ತು ಬೆಳಗೊಳದಲ್ಲೇ ನಿಂತು ಕೊಳೆಯದೆ ಸೀಮೆಗೆಲ್ಲ ಹರಿಯಲೆಂದು ಕಾಲುವೆ ತೋಡಿದಂತಾಯಿತು.

ಇಷ್ಟೆಲ್ಲ ಇದ್ದೂ ಏರಿ ಒಡೆದದ್ದುಂಟು. ಕಾಲಕ್ರಮೇಣ ಸ್ಥಾನಿಕರು ಗೊಮ್ಮಟಸ್ವಾಮಿಯ ದತ್ತಿಭೂಮಿಗಳನ್ನು ಸಾಲಕ್ಕಾಗಿ ವರ್ತಕರಲ್ಲಿ ಅಡವಿಟ್ಟುಬಿಟ್ಟರು. ಭೂಮಿಯ ಫಲವನ್ನು ಬಹುಕಾಲ ಸಾಲ ಕೊಟ್ಟವರೇ ಅನುಭವಿಸುತ್ತ ಬಂದುದರಿಂದ ಪೂಜೆ ನಿಂತುಹೋಯಿತು. 1634ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಇದನ್ನು ತಿಳಿದು ಆ ವರ್ತಕರನ್ನು ಕರೆಸಿ, ನಿಮ್ಮ ಸಾಲವನ್ನು ನಾವು ತೀರಿಸಿಕೊಡುತ್ತೇವೆ ಎಂದರು. ಅದಕ್ಕೆ ವರ್ತಕರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವಿನ ಪತ್ರಗಳನ್ನು ದೇವರ ಸನ್ನಿಧಿಯಲ್ಲಿ ಬಿಟ್ಟುಕೊಟ್ಟರು. ಇನ್ನು ಮುಂದೆ ದೇವರ ಆಸ್ತಿಯನ್ನು ಅಡವಿಡುವವರೂ ಅದರ ಮೇಲೆ ಸಾಲ ಕೊಡುವವರೂ ಇಬ್ಬರೂ ದೋಷಿಗಳೆಂದು ಶಾಸನ ವಿಧಿಸಿತು. ವರ್ತಕರ ಔದಾರ್ಯವನ್ನು ಕೊಂಡಾಡುವುದು ವಾಡಿಕೆ, ನಾನೂ ಕೊಂಡಾಡುತ್ತೇನೆ. ಆದರೂ ಅರಸನೇ ಎದುರು ನಿಂತು ಕೇಳಿದಾಗ ಯಾವ ವರ್ತಕನು ತಾನೇ ಬಡ್ಡಿ ಸಮೇತ ಕೊಡಿ ಎಂದಾನು! ಸಾಲ ಕೊಟ್ಟವನೂ ಹೊಣೆಗಾರನೆಂದು ಹೇಳಿದ ಭಾಗವೇ ಈ ಶಾಸನದ ಸಾರವೆಂದು ನನ್ನ ಅಭಿಪ್ರಾಯ. ಕ್ಷೇತ್ರದ ಆಸ್ತಿ ಕರಗುವಾಗ ಒಬ್ಬನೇ ಕರಗಿಸುವುದಿಲ್ಲ, ಅದರಿಂದ ಲಾಭ ಪಡೆಯುವ ಇನ್ನೊಬ್ಬನು ಇದ್ದೇ ಇರುತ್ತಾನೆ.

ಯಾತ್ರೆಯನ್ನು ಆಶ್ರಯಿಸಿ ಕೈಕಸಬು ಬೆಳೆದುದಕ್ಕೂ ಬೆಳಗೊಳವೇ ನಿದರ್ಶನ. ಹಿಂದಿನ ಮೈಸೂರು ಸಂಸ್ಥಾನದ ಕಾಲದಲ್ಲಿ ಆ ಊರು ಹಿತ್ತಾಳೆ ಪಾತ್ರೆಗಳಿಗೆ ಹೆಸರಾಗಿತ್ತು. ಪಾತ್ರೆಯೆಂಬುದು ಯಾತ್ರಿಕನಿಗೆ ಹೇಳಿ ಮಾಡಿಸಿದ ಸರಕು. ಒಡೆಯುವುದಿಲ್ಲ, ಕೆಡುವುದಿಲ್ಲ, ಮನೆಯಲ್ಲಿ ನಾಲ್ಕು ತಲೆಮಾರು ಉಳಿಯುತ್ತದೆ, ಪ್ರತಿದಿನ ಕ್ಷೇತ್ರವನ್ನು ನೆನಪಿಗೆ ತರುತ್ತದೆ. ತಾಮ್ರ, ಸತು ಹೊರಗಿನಿಂದ ಬಂದರೂ ಬಡಿಯುವ ಕೈಗಳು ಆ ಸೀಮೆಯವು, ಆದ್ದರಿಂದ ಕೂಲಿ ಊರಿನಲ್ಲೇ ಉಳಿಯುತ್ತಿತ್ತು. ಇಂದು ಯಾತ್ರಾಸ್ಥಳಗಳ ಅಂಗಡಿಗಳಲ್ಲಿ ತೂಗುವ ಆಟಿಕೆ, ಬಳೆ, ಪ್ಲಾಸ್ಟಿಕ್ ಸಾಮಾನುಗಳನ್ನು ನೋಡಿರಿ. ಎಲ್ಲ ಊರಿನಲ್ಲೂ ಒಂದೇ. ಯಾತ್ರಿಕನು ನೂರು ರೂಪಾಯಿ ಕೊಟ್ಟರೆ ಬಹುಪಾಲು ಸಗಟು ವ್ಯಾಪಾರಿಯ ಮೂಲಕ ದೂರದ ಕಾರ್ಖಾನೆಗೆ ಹೋಗುತ್ತದೆ. ಅಂಗಡಿಯವನ ಕೈಯಲ್ಲಿ ಉಳಿಯುವುದು ಅಲ್ಪ. ಅದೇ ನೂರು ರೂಪಾಯಿಯನ್ನು ಬೆಟ್ಟದ ಬುಡದಲ್ಲಿ ಎಳನೀರಿಗೆ ಕೊಟ್ಟರೆ ಚನ್ನರಾಯಪಟ್ಟಣ ಸೀಮೆಯ ತೆಂಗಿನ ತೋಟದವನಿಗೆ ತಲಪುತ್ತದೆ. ಮಳೆನೀರಿನಲ್ಲಿ ಎಷ್ಟು ಇಂಗಿತು, ಎಷ್ಟು ಹಳ್ಳಕ್ಕೆ ಹರಿದುಹೋಯಿತು ಎಂಬುದಕ್ಕೆ ಇದಕ್ಕಿಂತ ಸುಲಭವಾದ ಪರೀಕ್ಷೆ ಬೇಡ.

ಇನ್ನು ಮಹಾಮಸ್ತಕಾಭಿಷೇಕದ ವಿಷಯ. ಅದರ ಅತ್ಯಂತ ಹಳೆಯ ಉಲ್ಲೇಖ 1398ರದು. ಕಳೆದ ಶತಮಾನದಲ್ಲಿ 1910, 1925, 1940, 1953, 1967, 1981, 1993ರಲ್ಲಿಯೂ, ಅನಂತರ 2006 ಮತ್ತು 2018ರಲ್ಲಿಯೂ ಅದು ನೆರವೇರಿತು. 1981ರದು ಸಹಸ್ರಾಬ್ದಿಯ ಮಹೋತ್ಸವ. ಅಂದಿನ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದರು, ಅಂಚೆ ಇಲಾಖೆಯು ಗೊಮ್ಮಟೇಶ್ವರನ ಒಂದು ರೂಪಾಯಿಯ ಅಂಚೆಚೀಟಿಯನ್ನು ಹೊರಡಿಸಿತು. ಆ ಬಳಿಕ ಬೆಳಗೊಳದ ಹೆಸರು ದೇಶವಿದೇಶಗಳಲ್ಲಿ ಹರಡಿದ್ದು ಎಲ್ಲರಿಗೂ ತಿಳಿದದ್ದೇ. 1970ರಿಂದ 2023ರಲ್ಲಿ ಸ್ವರ್ಗಸ್ಥರಾಗುವವರೆಗೂ ಪೀಠದಲ್ಲಿದ್ದ ಪೂಜ್ಯ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರು ಕ್ಷೇತ್ರದಲ್ಲಿ ವಿದ್ಯಾಸಂಸ್ಥೆಗಳನ್ನೂ ಇಂಜಿನಿಯರಿಂಗ್ ಕಾಲೇಜನ್ನೂ ಮಕ್ಕಳ ಆಸ್ಪತ್ರೆಯನ್ನೂ ನೆಲೆಗೊಳಿಸಿದರು. ಹಳೆಯ ಇಡುಗಂಟಿನ ತತ್ತ್ವವನ್ನೇ ಇಲ್ಲಿ ಕಾಣುತ್ತೇನೆ. ಅಭಿಷೇಕ ಕೆಲವು ದಿನಗಳದು. ಕಾಲೇಜಿನ ಅಧ್ಯಾಪಕರು, ವಿದ್ಯಾರ್ಥಿಗಳು, ಆಸ್ಪತ್ರೆಗೆ ಬರುವ ಹಳ್ಳಿಯವರು ವರ್ಷವಿಡೀ ಊರಿನ ಅಂಗಡಿಗಳಿಗೆ ಗಿರಾಕಿಗಳು.

ಮಹೋತ್ಸವವನ್ನೇ ನಂಬಿದರೆ ಆಗುವುದೇನೆಂಬುದಕ್ಕೆ ನಮ್ಮ ಬಂಧುವರ್ಗದಲ್ಲೇ ಒಂದು ಉದಾಹರಣೆಯಿದೆ. 2006ರಲ್ಲಿ ನಮ್ಮ ಸಂಬಂಧಿಕರೊಬ್ಬರು ಉದ್ರಿಯ ಮೇಲೆ ಸ್ಟೀಲು ತಟ್ಟೆ ಲೋಟಗಳನ್ನು ತರಿಸಿ ತಾತ್ಕಾಲಿಕ ಮಳಿಗೆ ಹೂಡಿದರು. ಮೂರು ವಾರ ಊಟಕ್ಕೂ ಬಿಡುವಿಲ್ಲದ ವ್ಯಾಪಾರ. ಮಂಟಪಗಳನ್ನು ಬಿಚ್ಚಿದ ಮೇಲೆ ಉಳಿದ ಸರಕನ್ನು ಸಂತೆಯಿಂದ ಸಂತೆಗೆ ಹೊತ್ತು ಮಾರಿ ಮುಗಿಸಲು ಎರಡು ವರ್ಷ ಹಿಡಿಯಿತು. ಬಡ್ಡಿ ಕಳೆದರೆ ಲಾಭವೆಷ್ಟೆಂದು ಕೇಳಿದೆ. ಅವರು ನಕ್ಕು ದರ್ಶನವಾಯಿತಲ್ಲ ಎಂದರು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೊಳೆಯ ಪ್ರವಾಹದಿಂದ ಗದ್ದೆ ಬೇಸಾಯ ಮಾಡಲಾಗದು.

ಹಾಗಾದರೆ ನಡುವಿನ ಹನ್ನೊಂದು ವರ್ಷಗಳು? ಇಲ್ಲಿಯೇ ನನಗೆ ಚಿಂತೆ. ಬೆಂಗಳೂರಿನಿಂದ ಬೆಳಗೊಳಕ್ಕೆ ನೂರನಲವತ್ತೈದು ಕಿಲೋಮೀಟರ್, ರಸ್ತೆ ಅತ್ಯುತ್ತಮವಾಗಿದೆ, ಬೆಂಗಳೂರು-ಹಾಸನ ರೈಲುಮಾರ್ಗ 2017ರಲ್ಲಿ ಪೂರ್ಣಗೊಂಡು ಬೆಳಗೊಳಕ್ಕೆ ನೇರ ರೈಲು ಬಂದಿತು. ಇದರಿಂದ ವೃದ್ಧರಿಗೂ ಬಡವರಿಗೂ ಯಾತ್ರೆ ಸುಲಭವಾದುದು ನಿಜ, ಅದಕ್ಕೆ ಸಂತೋಷಪಡಬೇಕು. ಆದರೆ ಬರುವುದು ಎಷ್ಟು ಸುಲಭವಾಯಿತೋ ಹೋಗುವುದೂ ಅಷ್ಟೇ ಸುಲಭವಾಯಿತು. ಬೆಳಗೊಳ, ಬೇಲೂರು, ಹಳೇಬೀಡು ಮೂರನ್ನೂ ಒಂದೇ ದಿನದಲ್ಲಿ ತೋರಿಸಿ ರಾತ್ರಿ ಬೆಂಗಳೂರಿಗೆ ಮುಟ್ಟಿಸುವ ಬಸ್ಸುಗಳಿವೆ. ಬೆಳಗೊಳಕ್ಕೆ ಸಿಗುವುದು ಎರಡು ಗಂಟೆ. ಆರುನೂರಕ್ಕೂ ಮೀರಿದ ಮೆಟ್ಟಿಲುಗಳನ್ನು ಹತ್ತಿ ಇಳಿಯುವಷ್ಟರಲ್ಲಿ ಹಾರ್ನ್ ಕೇಳಿಸುತ್ತದೆ. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಡೆಯಲಾರದವರು ಒಂದು ಜೊತೆ ಕಾಲುಚೀಲ ಕೊಳ್ಳುತ್ತಾರೆ, ಒಂದು ಎಳನೀರು ಕುಡಿಯುತ್ತಾರೆ, ವಯಸ್ಸಾದವರು ಡೋಲಿ ಹಿಡಿಯುತ್ತಾರೆ. ಊರಿಗೆ ಸಂದದ್ದು ಅಷ್ಟೇ. ಎದುರಿಗಿರುವ ಚಿಕ್ಕಬೆಟ್ಟವನ್ನೇ ಹತ್ತದೆ ಹೋಗುವವರು ಬಹುಮಂದಿ. ಚಿಕ್ಕಬೆಟ್ಟದ ಹಿಂದಿನ ಜಿನನಾಥಪುರದಲ್ಲಿ ರೇಚಣನು ಕಟ್ಟಿಸಿದ ಶಾಂತಿನಾಥ ಬಸದಿಯ ಹೊರಭಿತ್ತಿಯ ಹೊಯ್ಸಳ ಶಿಲ್ಪವನ್ನು ಕಾಣುವವರು ವಿರಳ. ಇಪ್ಪತ್ತು ಕಿಲೋಮೀಟರಿನೊಳಗಿರುವ ಕಂಬದಹಳ್ಳಿಯ ಪಂಚಕೂಟ ಬಸದಿಯನ್ನೂ, ಊರಿಗೆ ಹೆಸರು ತಂದ ಕಂಬವನ್ನೂ ನೋಡಲು ಬಸ್ಸು ತಿರುಗುವುದೇ ಇಲ್ಲ.

ಹಳೇಬೀಡಿನಲ್ಲಿಯೂ ಇದೇ ಕಥೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಾಡಿಗೆಲ್ಲ ಹೆಮ್ಮೆಯ ಸಂಗತಿ. ಆದರೆ ಹೊಯ್ಸಳೇಶ್ವರ ದೇಗುಲದ ಮುಂದೆ ಇಳಿದ ಸಾವಿರ ಜನರಲ್ಲಿ, ಕಾಲ್ನಡಿಗೆಯ ದೂರದ ಬಸ್ತಿಹಳ್ಳಿಗೆ ನಡೆದು, ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗೆ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ನೋಡುವವರೆಷ್ಟು? ಜನಸಂದಣಿಯು ತಾನಾಗಿಯೇ ಅಕ್ಕಪಕ್ಕಕ್ಕೆ ಹರಿಯುತ್ತದೆ ಎಂಬ ನಂಬಿಕೆ ಸುಳ್ಳೆಂಬುದನ್ನು ಅಲ್ಲಿ ಅರ್ಧ ದಿನ ನಿಂತು ನೋಡಿದವರು ಒಪ್ಪುತ್ತಾರೆ. ಹರಿಸಬೇಕು, ಬುಕ್ಕರಾಯನ ಕಾಲದಲ್ಲಿ ಹರಿಸಿದಂತೆ.

ರಾತ್ರಿ ತಂಗುವ ಒಬ್ಬ ಯಾತ್ರಿಕನು ಹಗಲು ಬಂದುಹೋಗುವ ಹತ್ತು ಮಂದಿಗೆ ಸಮನೆಂಬುದು ನನ್ನ ಅಂದಾಜು. ವ್ಯಾಪಾರಿಯ ಅಂದಾಜಾದ್ದರಿಂದ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ತಂಗಿದವನಿಗೆ ಸಂಜೆಯ ಊಟ, ಬೆಳಗಿನ ಹಾಲು, ಹಾಸಿಗೆ ಬಟ್ಟೆ ಒಗೆಯುವ ಅಗಸ, ಮುಂಜಾವದ ಪೂಜೆಗೆ ಹೂವು, ಪಕ್ಕದ ಕ್ಷೇತ್ರಕ್ಕೆ ಹೋಗಲು ಆಟೋ ಎಲ್ಲವೂ ಬೇಕು. ಆಟೋದವನೇ ಜಿನನಾಥಪುರಕ್ಕೂ ಕರೆದೊಯ್ಯುತ್ತಾನೆ. ಆದುದರಿಂದ ಧರ್ಮಶಾಲೆಯಲ್ಲಿ ಶುಚಿಯಾದ ಒಂದು ಕೋಣೆ ಹೆಚ್ಚಿಸುವುದು ಬೆಟ್ಟದ ಬುಡದಲ್ಲಿ ಹತ್ತು ಅಂಗಡಿ ಹೆಚ್ಚಿಸುವುದಕ್ಕಿಂತ ಸೀಮೆಗೆ ಲಾಭಕರ.

2020ರ ಮಾರ್ಚಿಯಲ್ಲಿ ಕೊರೋನಾ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿದಾಗ ದೇವಸ್ಥಾನ ಬಸದಿಗಳೂ ಭಕ್ತರಿಗೆ ಮುಚ್ಚಿದವು. ಯಾತ್ರೆಯೊಂದನ್ನೇ ನೆಚ್ಚಿದ್ದ ಡೋಲಿಯವರಿಗೂ ಕಾಲುಚೀಲ ಮಾರುವವರಿಗೂ ಅಂದಿನ ಅನ್ನವೇ ಇಲ್ಲದಾಯಿತು. ತೋಟ, ಹಸು ಇದ್ದವರು ಹೇಗೋ ತಡೆದುಕೊಂಡರು. ಪೂಜೆ ಮಾತ್ರ ಅರ್ಚಕರಿಂದ ಯಥಾಪ್ರಕಾರ ನಡೆಯಿತು, ಅಭಿಷೇಕಕ್ಕೆ ಹಾಲು ಬೇಕಾಗಿಯೇ ಇತ್ತು. ಹದಿಮೂರನೆಯ ಶತಮಾನದ ಆ ಗದ್ಯಾಣಗಳ ದಾನಿಗಳು ಇಂಥ ದಿನಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಅಸಲನ್ನು ಮುಟ್ಟಬಾರದೆಂದರೇನೋ.

ನಮ್ಮ ಬಸದಿಯ ಪ್ರತಿಷ್ಠೆಗೆ ಈಗ ಐದು ದಿನ ಪರವೂರಿನ ಸಹಧರ್ಮಿಗಳು ಬಂದು ತಂಗಲಿದ್ದಾರೆ. ಊಟ ವಸತಿಗಳ ಏರ್ಪಾಡು ಸಮಿತಿಯವರಿಂದ ಸಮರ್ಪಕವಾಗಿ ಆಗಿದೆ. ಆರನೆಯ ದಿನದಿಂದ ಬಸದಿಯ ಹಾಲು, ಹೂವು, ದೀಪದ ಎಣ್ಣೆ ಈ ಮೂರನ್ನು ಊರಿನ ಮನೆಗಳಿಂದಲೇ ಕೊಳ್ಳುವುದೆಂದೂ, ಉತ್ಸವದಲ್ಲಿ ಉಳಿದ ಹಣವನ್ನು ಕಟ್ಟಡಕ್ಕೆ ಹಾಕದೆ ಬ್ಯಾಂಕಿನಲ್ಲಿ ಇಡುಗಂಟಾಗಿಟ್ಟು ಬಡ್ಡಿಯಿಂದ ಅದನ್ನು ನಡೆಸುವುದೆಂದೂ, ಬಡ್ಡಿಯಲ್ಲಿ ಮಿಕ್ಕದ್ದು ಅರ್ಚಕರಿಲ್ಲದೆ ಬೀಗ ಹಾಕಿರುವ ಸುತ್ತಲಿನ ಹಳ್ಳಿಯ ಬಸದಿಗಳ ಸುಣ್ಣಬಣ್ಣಕ್ಕೆ ಸಲ್ಲತಕ್ಕದ್ದೆಂದೂ ಒಂದು ಸೂಚನೆಯನ್ನು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಮಂಗಳಕಾರ್ಯ ಮುಗಿದ ಮೇಲೆ ಲೆಕ್ಕಪತ್ರದ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.